ಡಿಕ್ಕಿಯೊಳಗಿನ ದೂಮಣ್ಣ

ದೂಮಣ್ಣನನ್ನು ಕಾರಿನ ಡಿಕ್ಕಿಯೊಳಗೆ ಮಲಗಿಸಿ ಮುಚ್ಚಳ ಹಾಕುವಾಗ ಪ್ರತಿ ಸಲವೂ ನನಗೆ ಹೆದರಿಕೆ. ಅವರಿಗೋ ಅದು ಜಗಲಿಯಲ್ಲಿ ಚಾಪೆ ಹಾಸಿ ಒರಗಿದಷ್ಟೇ ಸಲೀಸು. ತಲೆಯ ಮೇಲಿನ ಮುಟ್ಟಾಳೆಯನ್ನು, ಅಂದರೆ ಅಡಿಕೆ ಹಾಳೆಯ ಟೊಪ್ಪಿಯನ್ನು, ತೆಗೆದು ಕಾರಿನ ನೆತ್ತಿಯ ಮೇಲೆ ಇಡುವರು. ಮುಂಡು ಎತ್ತಿ ಕಟ್ಟುವರು. ಮೊದಲು ಒಂದು ಕಾಲು, ಮತ್ತೆ ಸೊಂಟ, ಕೊನೆಗೆ ತಲೆ ತಗ್ಗಿಸಿ ಒಳಗೆ ಮುದುಡಿಕೊಳ್ಳುವರು. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಆಮೇಲೆ ಒಳಗಿನಿಂದ "ಹಾಕು ವಾಸು" ಎನ್ನುವರು. ನಾನು ಕಣ್ಣು ಮುಚ್ಚಿಕೊಂಡು ಮುಚ್ಚಳ ಎಳೆಯುತ್ತಿದ್ದೆ. ಮತ್ತೆ ಹೊರಗೆ ಅವರದ್ದು ಎಂದು ಕಾಣುತ್ತಿದ್ದುದು ಆ ಮುಟ್ಟಾಳೆ ಒಂದೇ.

ನಾನು ಪುತ್ತೂರಿನಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದವನು. ಹುಟ್ಟಾ ಪುಕ್ಕಲ. ಸುಳ್ಯದ ದಾರಿಯಲ್ಲಿ ಕಾವು ಎಂಬ ಊರಿನ ತಿರುವು ಬಂದರೆ ಹೆದರಿಕೆ, ಎದುರಿಗೆ ಬಸ್ಸು ಬಂದರೆ ಹೆದರಿಕೆ, ಹಿಂದೆ ಕೂತವರು ಮಾತಾಡದೆ ಸುಮ್ಮನಿದ್ದರೂ ಹೆದರಿಕೆ. ಇಷ್ಟು ಹೆದರಿಕೆ ಇಟ್ಟುಕೊಂಡು ಹೇಗೆ ಇಷ್ಟು ವರ್ಷ ಡ್ರೈವರಿಕೆ ಮಾಡಿದಿರಿ ಎಂದು ನನ್ನ ಹೆಂಡತಿ ಗಿರಿಜ ಈಗಲೂ ಕೇಳುವುದುಂಟು. ಹೆದರಿದ್ದರಿಂದಲೇ ಯಾರಿಗೂ ಏನೂ ಆಗಲಿಲ್ಲ ಎಂದು ನಾನು ಜಂಬದಿಂದ ಹೇಳುತ್ತೇನೆ. ಅದು ಪೂರ್ತಿ ನಿಜವಲ್ಲ. ನನ್ನ ಹೆದರಿಕೆಯಿಂದಲೇ ಒಬ್ಬರಿಗೆ ಆಯಿತು. ಅವರ ವಿಷಯವನ್ನೇ ಬರೆಯುತ್ತಿರುವುದು.

ದೂಮಣ್ಣ ಕಾರಿನ ಮೆಕ್ಯಾನಿಕ್ ಅಲ್ಲ. ಬೆಳ್ಳಾರೆ ಪೇಟೆಯ ಕೊನೆಯಲ್ಲಿ, ಮನೆಯ ಜಗಲಿಯಲ್ಲೇ ಕೂತು ತಗಡಿನ ಕೆಲಸ ಮಾಡುತ್ತಿದ್ದವರು. ಸೋರುವ ಬಾಲ್ದಿ, ತಳ ಹೋದ ಕೊಡಪಾನ, ಎಣ್ಣೆ ಒಸರುವ ಚಿಮಿಣಿ ದೀಪ, ಇವಕ್ಕೆಲ್ಲ ಬೆಸುಗೆ ಹಾಕುವುದು ಅವರ ಕಸುಬು. ಕಾರಿನ ಇಂಜಿನ್ ಎದುರಿಗೆ ಬಂದರೆ ಮುಖ ತಿರುಗಿಸುತ್ತಿದ್ದರು. ಆದರೆ ಡಿಕ್ಕಿಗೆ ನೀರು ಬರುತ್ತದೆ ಎಂದರೆ ಸುಳ್ಯ, ಕಡಬ, ಪುತ್ತೂರಿನ ಕಾರಿನವರೆಲ್ಲ ಅವರ ಅಂಗಳಕ್ಕೇ ಬರಬೇಕು. "ಬಾಲ್ದಿಯಲ್ಲಿ ನೀರು ಹೊರಗೆ ಹೋಗುದು, ಡಿಕ್ಕಿಯಲ್ಲಿ ಒಳಗೆ ಬರುದು. ಅಷ್ಟೇ ವ್ಯತ್ಯಾಸ. ತೂತು ತೂತೇ" ಎನ್ನುತ್ತಿದ್ದರು.

ನಾನು ಅವರ ಕೈಗೆ ಬಿದ್ದದ್ದು ಒಂದು ಮದುವೆಯ ದೆಸೆಯಿಂದ. ಕೊಡಗಿನ ಎಸ್ಟೇಟಿನವರೊಬ್ಬರಿಂದ ನಾನು ಕೊಂಡಿದ್ದ ಹಳೆಯ ಕಾರು ನೋಡಲಿಕ್ಕೆ ಚಂದ, ಮಳೆಗೆ ಮಾತ್ರ ಜರಡಿ. ಬೆಳ್ಳಾರೆಯ ಮದುವೆಯೊಂದಕ್ಕೆ ಪುತ್ತೂರಿನಿಂದ ಜವಳಿಯ ಪೆಟ್ಟಿಗೆ ತಂದೆ. ದಾರಿಯಲ್ಲಿ ಅಕಾಲದ ಮಳೆ. ಇಳಿಸಿ ನೋಡಿದರೆ ಧಾರೆಯ ಕೆಂಪು ಸೀರೆ ನೆನೆದು, ಅದರ ಬಣ್ಣ ಮದುಮಗನ ಬಿಳಿ ಪಂಚೆಗೆಲ್ಲ ಹತ್ತಿತ್ತು. ಮದುಮಗ ಗುಲಾಬಿ ಬಣ್ಣದ ಪಂಚೆ ಉಟ್ಟೇ ಮಂಟಪದಲ್ಲಿ ಕೂತ. ಮದುಮಗಳ ಸೋದರಮಾವ ನನ್ನನ್ನು ಊಟಕ್ಕೂ ಕರೆಯದೆ, ಮೊದಲು ಆ ದೂಮಣ್ಣನಲ್ಲಿಗೆ ಹೋಗಿ ಡಿಕ್ಕಿ ತೋರಿಸಿ ಬಾ ಎಂದು ಅಟ್ಟಿದರು.

ಅದಕ್ಕೆ ಮೊದಲು ನಾನು ಪುತ್ತೂರಿನಲ್ಲಿ ಮೂರು ಕಡೆ ತೋರಿಸಿದ್ದೆ. ಮೂವರೂ ಮುಚ್ಚಳದ ಸುತ್ತ ಹೊಸ ರಬ್ಬರು ಅಂಟಿಸಿ ಕಳುಹಿಸಿದ್ದರು. ದೂಮಣ್ಣ ಆ ರಬ್ಬರನ್ನು ಮುಟ್ಟಿಯೂ ನೋಡಲಿಲ್ಲ. ಒಳಗನ್ನೆಲ್ಲ ಬಟ್ಟೆಯಿಂದ ಒರೆಸಿ ಒಣಗಿಸಿದರು. ಜರಡಿ ಹಿಡಿದ ಬೂದಿಯನ್ನು ಅಂಗೈಯಲ್ಲಿ ತೆಗೆದುಕೊಂಡು ಡಿಕ್ಕಿಯ ಮೂಲೆ ಮೂಲೆಗೆ, ಮೇಲಿನ ತಗಡಿಗೆ, ಸಂದುಗಳಿಗೆ ಸವರಿದರು. ಆಮೇಲೆ ಮುಟ್ಟಾಳೆ ತೆಗೆದಿಟ್ಟು ಒಳಗೆ ಹತ್ತಿದರು. ಟಾರ್ಚು ಕೊಡಹೋದರೆ ಬೇಡವೆಂದರು. ಕತ್ತಲೆಗೆ ಕಣ್ಣು ಹೊಂದಿಕೊಂಡರೆ ತೂತು ತಾನಾಗಿ ಬೆಳಗುತ್ತದಂತೆ.

"ನೋಡು, ನಾನು ಒಳಗಿಂದ ತಟ್ಟುತ್ತೇನೆ. ಒಂದು ತಟ್ಟಿದ್ರೆ ಮೇಲಿಂದ ನೀರು ಹೊಯ್ಯಿ. ಎರಡು ತಟ್ಟಿದ್ರೆ ನಿಲ್ಲಿಸು. ಮೂರು ತಟ್ಟಿದ್ರೆ ತೆಗಿ. ಮೂರು ಆಗದೆ ತೆಗೀಬೇಡ, ಬೆಳಕು ಬಿದ್ರೆ ಎಲ್ಲ ಹಾಳು."

ನಾನು ಕೊಡಪಾನದಲ್ಲಿ ನೀರು ಹಿಡಿದು ನಿಂತೆ. ಟಕ್ ಎಂದು ಒಂದು ಸದ್ದು. ಹೊಯ್ದೆ. ಟಕ್, ಟಕ್. ನಿಲ್ಲಿಸಿದೆ. ಮತ್ತೆ ಬಹಳ ಹೊತ್ತು ಸದ್ದೇ ಇಲ್ಲ. ಆ ಮುದುಕ ಒಳಗೆ ಉಸಿರು ಕಟ್ಟಿ ಸತ್ತರೆ ನಾನು ಕೊಲೆಗಾರನಾಗುತ್ತೇನಲ್ಲ ಎಂದು ಹೆದರಿದೆ. ನಾಲ್ಕು ಸಲ ಹಿಡಿಗೆ ಕೈ ಹಾಕಿ, ತೆರೆಯದೆ ಹಿಂದಕ್ಕೆ ಎಳೆದುಕೊಂಡೆ. ಕೊನೆಗೆ ಮೂರು ಸದ್ದು ಬಂತು. ತೆಗೆದರೆ ಮೈಯೆಲ್ಲ ಬೂದಿಯಾದ ದೂಮಣ್ಣ ಹಲ್ಲು ಕಿರಿಯುತ್ತ ಮೇಲೆ ಬೆರಳು ತೋರಿಸಿದರು. ಬೂದಿಯಲ್ಲಿ ನೀರು ನಡೆದ ಗೆರೆ ಸ್ಪಷ್ಟವಾಗಿತ್ತು. ಹಿಂದಿನ ಗಾಜಿನ ಕೆಳಗಿನ ಸಂದಿಯಲ್ಲಿ ಒಳಗಿಳಿದ ನೀರು, ಮೇಲಿನ ತಗಡಿನ ಬೆನ್ನು ಹಿಡಿದು ಅಷ್ಟು ದೂರ ಹರಿದು, ಎಡ ಮೂಲೆಯಲ್ಲಿ ತೊಟ್ಟಿಕ್ಕುತ್ತಿತ್ತು. ಮುಚ್ಚಳದ ರಬ್ಬರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

"ನೀರು ಕಂಡ ಜಾಗ ಬೇರೆ ಮಾರಾಯ, ಬಂದ ಜಾಗ ಬೇರೆ. ನೀವೆಲ್ಲ ಕಂಡಲ್ಲಿ ಒರೆಸುದು" ಎಂದರು. ಧೂಪದ ಮರದ ರಾಳವನ್ನು ತೆಂಗಿನೆಣ್ಣೆಯಲ್ಲಿ ಕಾಯಿಸಿ ಸಂದಿಗೆ ತುಂಬಿದರು. ರಾಳ ಬಿಸಿಲಿಗೆ ಒಣಗಿ ಬಿರಿಯುತ್ತದೆ, ಪ್ರತಿ ವರ್ಷ ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಗೆ ಮೊದಲು, ಮಳೆ ಹಿಡಿಯುವ ಮುಂಚೆ, ತಂದು ತೋರಿಸಬೇಕು ಎಂದು ಎರಡೆರಡು ಸಲ ಹೇಳಿದರು. ಅವರ ಹೆಂಡತಿ ಸೀತಕ್ಕ ಬೆಲ್ಲ ಮತ್ತು ನೀರು ತಂದುಕೊಟ್ಟು, ಇವರಿಗೆ ಬೂದಿ ಮೆತ್ತಿಕೊಳ್ಳುವುದೆಂದರೆ ಇಷ್ಟ, ಅದಕ್ಕೆ ಕಾರಿನ ನೆಪ ಎಂದು ನಕ್ಕರು.

ದೂಮಣ್ಣನಿಗೆ ತೂತಿನ ಮೇಲೆ ಒಂದು ಬಗೆಯ ವೈರವೇ ಇತ್ತು. ಒಮ್ಮೆ ನಾನು ಅಲ್ಲಿ ಕೂತಿದ್ದಾಗ ಒಬ್ಬರು ಹೊಸ ಡಬ್ಬ ತಂದು, ಗಿಡಗಳಿಗೆ ನೀರು ಚಿಮುಕಿಸಲಿಕ್ಕೆ ತಳಕ್ಕೆ ಹತ್ತು ತೂತು ಹೊಡೆದುಕೊಡಿ ಎಂದರು. ದೂಮಣ್ಣ ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿ, ಇಷ್ಟು ಒಳ್ಳೆಯ ತಳಕ್ಕೆ ಮೊಳೆ ಹೊಡೆಯಲು ಮನಸ್ಸಾದರೂ ಹೇಗೆ ಬರುತ್ತದೆ ಎಂದು ಶುರುಮಾಡಿ ಅರ್ಧ ಗಂಟೆ ಬೈದರು. ಬಂದವರು ಡಬ್ಬವನ್ನು ಬಗಲಿಗೆ ಇರುಕಿಕೊಂಡು ಓಡಿಹೋದರು. ನಾನು ನಗುತ್ತಿದ್ದೆ. ಆದರೆ ಆ ನಾಲಿಗೆ ನನ್ನ ಕಡೆಗೆ ತಿರುಗಿದರೆ ಹೇಗೆ ಎಂಬ ಭಯ ಅಂದಿನಿಂದಲೇ ನನ್ನೊಳಗೆ ಕೂತಿತು.

ಮರುವರ್ಷ ಬಾಡಿಗೆಯ ಗಡಿಬಿಡಿಯಲ್ಲಿ ಪತ್ತನಾಜೆ ಕಳೆದುಹೋಯಿತು. ನಾನು ಬೆಳ್ಳಾರೆಗೆ ಹೋಗಲಿಲ್ಲ. ಜೂನಿನಲ್ಲಿ ಡಿಕ್ಕಿಯಲ್ಲಿ ಮತ್ತೆ ನೀರು. ಈಗ ಹೋದರೆ ಬೈಗುಳ ತಪ್ಪದು. ನಮ್ಮಲ್ಲಿ ಅಂಗಳದಲ್ಲಿ ನೀರು ನಿಂತರೆ ಯಾರೂ ಆಕಾಶ ನೋಡುತ್ತ ಕೂರುವುದಿಲ್ಲ, ಹಾರೆ ಹಿಡಿದು ಒಂದು ಕಣಿ ತೋಡಿ ನೀರಿಗೆ ದಾರಿ ಮಾಡಿಕೊಡುತ್ತಾರೆ. ಚಿಕ್ಕಂದಿನಿಂದ ನಾನು ಕಲಿತದ್ದೂ ಅದೇ. ಡಿಕ್ಕಿಗೂ ಒಂದು ಕಣಿ ಮಾಡಿದರಾಯಿತು ಎಂದು ಹೊಳೆಯಿತು. ದಪ್ಪ ಮೊಳೆ, ಸುತ್ತಿಗೆ ತೆಗೆದುಕೊಂಡು ಡಿಕ್ಕಿಯ ತಳಕ್ಕೆ ನಾಲ್ಕು ತೂತು ಹೊಡೆದೆ. ನೀರೆಲ್ಲ ಸರ್ರನೆ ಇಳಿದುಹೋಯಿತು. ಸಾಮಾನು ಒದ್ದೆಯಾಗದಂತೆ ಮೇಲೊಂದು ಹಲಗೆ ಕೂರಿಸಿ ಸ್ಕ್ರೂ ಬಿಗಿದೆ. ಆ ದಿನ ನನಗೆ ನನ್ನ ಬುದ್ಧಿಯ ಮೇಲೆ ಬಂದಷ್ಟು ಅಭಿಮಾನ ಮತ್ತೆಂದೂ ಬಂದಿಲ್ಲ.

ಅದೇ ಮಳೆಗಾಲದಲ್ಲಿ ನನ್ನ ಕಾರಿಗೆ ಕೆಟ್ಟ ಹೆಸರು ಹತ್ತತೊಡಗಿತು. ಸುಳ್ಯಕ್ಕೆ ಹೋಗುವಾಗ ಹಿಂದೆ ಕೂತವರಿಗೆ ತಲೆನೋವು. ಜಾಲ್ಸೂರು ಬರುವಷ್ಟರಲ್ಲಿ ಒಬ್ಬರು ವಾಂತಿ ಮಾಡಿದರು. ಇನ್ನೊಬ್ಬರು ಇಳಿಯುವಾಗ ಕಾಲು ಬರದೆ ರಸ್ತೆಯಲ್ಲೇ ಕೂತುಬಿಟ್ಟರು. ಬೇಸಿಗೆಯಲ್ಲಿ ಒಮ್ಮೆ ನಾನು ಆಸ್ಪತ್ರೆಯಿಂದ ಒಂದು ಹೆಣವನ್ನು ಅದೇ ಸೀಟಿನಲ್ಲಿ ಒಯ್ದದ್ದು ಟ್ಯಾಕ್ಸಿ ಸ್ಟ್ಯಾಂಡಿನವರಿಗೆಲ್ಲ ನೆನಪಾಯಿತು. ಆ ಕಾರಿನಲ್ಲಿ ಏನೋ ಉಂಟು ಎಂದು ಮಾತು ಹಬ್ಬಿತು. ನಾನೂ ನಂಬಿದೆ. ಕನ್ನಡಿಯಲ್ಲಿ ಹಿಂದಿನ ಸೀಟು ನೋಡುವುದನ್ನೇ ಬಿಟ್ಟೆ. ನನಗೆ ಮಾತ್ರ ಏನೂ ಆಗುತ್ತಿರಲಿಲ್ಲ, ಅದು ನನ್ನನ್ನು ಇನ್ನಷ್ಟು ಹೆದರಿಸಿತು. ಹೆಣ ಹೊತ್ತವನ ಮೇಲೆ ಅದಕ್ಕೆ ಕರುಣೆ ಇರಬೇಕು ಎಂದುಕೊಂಡೆ.

ಗಿರಿಜ ಆಗ ಏಳು ತಿಂಗಳ ಬಸುರಿ. ಕಡಬದ ತವರಿನಲ್ಲಿದ್ದಳು. ಆಸ್ಪತ್ರೆಗೆ ತೋರಿಸಲೆಂದು ಪುತ್ತೂರಿಗೆ ಕರೆದು ತರುತ್ತಿದ್ದೆ. ಬೇರೆ ಕಾರು ಕೇಳಲು ನಾಚಿಕೆಯಾಗಿ ನನ್ನದರಲ್ಲೇ ಕೂರಿಸಿದೆ. ಮಳೆ ಹೊಡೆಯುತ್ತಿದ್ದುದರಿಂದ ಅವಳ ಎರಡೂ ಬದಿಯ ಗಾಜು ಏರಿಸಿತ್ತು. ಮೊದಲು ಏನೇನೋ ಮಾತಾಡುತ್ತಿದ್ದಳು. ಆಲಂಕಾರು ಬರುವಾಗ ನಿದ್ದೆ ಬರುತ್ತದೆ ಎಂದಳು. ಸ್ವಲ್ಪ ಹೊತ್ತಿಗೆ ನಾನು ಕರೆದರೆ ಉತ್ತರವಿಲ್ಲ. ನಿಲ್ಲಿಸಿ ತಿರುಗಿ ನೋಡಿದರೆ ಸೀಟಿನ ಮೇಲೆ ಅಡ್ಡ ಬಿದ್ದಿದ್ದಾಳೆ. ಕೆನ್ನೆ ಕೆಂಪಗಿತ್ತು, ಕೈ ಎತ್ತಿದರೆ ಧೊಪ್ಪನೆ ಬೀಳುತ್ತಿತ್ತು. ನಾನು ಬಾಗಿಲು ತೆರೆದು ಅವಳನ್ನು ಮಳೆಗೇ ಎಳೆದು ತಂದೆ. ಹೆಸರು ಹಿಡಿದು ಕಿರುಚಿದೆ. ಅಲ್ಲಿ ನಿಂತಾಗ ನನಗೆ ಆದ ಭಯವನ್ನು ಬರೆಯಲು ನನಗೆ ಬರುವುದಿಲ್ಲ. ಕೊನೆಗೆ ಅವಳು ಕೆಮ್ಮಿದಳು, ಕಣ್ಣು ಬಿಟ್ಟಳು. ಉಳಿದ ದಾರಿಯುದ್ದಕ್ಕೂ ನಾಲ್ಕೂ ಗಾಜು ಇಳಿಸಿ, ಇಬ್ಬರೂ ನೆನೆಯುತ್ತಲೇ ಪುತ್ತೂರು ತಲುಪಿದೆವು.

ಡಾಕ್ಟರಮ್ಮ ಪರೀಕ್ಷೆ ಮಾಡಿ, ಮಗುವಿನ ಎದೆ ಬಡಿಯುತ್ತಿದೆ, ಉಳಿದದ್ದು ಹೆತ್ತ ಮೇಲೆಯೇ ಗೊತ್ತಾಗುವುದು ಎಂದರು. ಆ ಒಂದು ಮಾತನ್ನು ನಾನು ಎರಡು ತಿಂಗಳು ಹೊತ್ತು ತಿರುಗಿದೆ.

ಮರುದಿನ ಬೆಳಿಗ್ಗೆ ದೂಮಣ್ಣನ ಅಂಗಳದಲ್ಲಿದ್ದೆ. ಕಾರಿನ ಕಾಟದ ವಿಷಯಕ್ಕೆ ಅವರ ಹತ್ತಿರ ಯಾಕೆ ಹೋದೆನೋ ನನಗೇ ಗೊತ್ತಿಲ್ಲ, ಹೆದರಿಕೆಯಾದಾಗ ನೆನಪಾದ ಮುಖ ಅದು. ಹೆಣದ ಕತೆಯನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಯಾರು ಎಲ್ಲಿ ಕೂತಿದ್ದರು, ಗಾಜು ಮೇಲಿತ್ತೋ ಕೆಳಗಿತ್ತೋ ಎಂದು ಕೇಳಿದರು. ತಿರುಗಿಸುವಾಗ ಕೈ ತೋರಿಸಲಿಕ್ಕೆ ಬೇಕೆಂದು ನನ್ನ ಗಾಜು ಯಾವಾಗಲೂ ಇಳಿಸಿಯೇ ಇರುತ್ತದೆ ಎಂದೆ. ಅವರು ತಲೆಯಾಡಿಸಿದರು. ಮತ್ತೆ ಕೇಳಿದರು.

"ಡಿಕ್ಕಿಗೆ ನೀರು ಬರುದುಂಟಾ ಈಗ?"

"ಇಲ್ಲ, ನಿಲ್ಲುದಿಲ್ಲ" ಎಂದೆ.

"ಬರುದಿಲ್ವಾ, ನಿಲ್ಲುದಿಲ್ವಾ?"

"ಬರುದಿಲ್ಲ."

ಹೀಗೆ ಸುಳ್ಳು ಹೇಳಿದೆ. ಅವರು ಡಿಕ್ಕಿ ತೆಗೆದು ಹಲಗೆಗೆ ಬೆರಳಿನಿಂದ ತಟ್ಟಿದರು. ಇದನ್ನು ತೆಗೆ ಎಂದರು. ಸ್ಕ್ರೂ ತುಕ್ಕು ಹಿಡಿದಿದೆ, ಬರುವುದಿಲ್ಲ ಎಂದು ಇನ್ನೊಂದು ಸುಳ್ಳು ಹೇಳಿದೆ. ತೂತು ಕಂಡರೆ ಆ ಡಬ್ಬದವರಿಗಾದ ಗತಿಯೇ ನನಗೆ ಎಂಬ ಒಂದೇ ಭಯ. ಹೆಂಡತಿ ಸಾಯುವುದರಿಂದ ತಪ್ಪಿಸಿಕೊಂಡು ಒಂದು ದಿನ ಆಗಿಲ್ಲ, ನನಗೆ ಬೈಗುಳದ ಚಿಂತೆ.

ದೂಮಣ್ಣ ಮುಟ್ಟಾಳೆ ತೆಗೆದು ಕಾರಿನ ಮೇಲಿಟ್ಟರು. ನಾನು ನೀರು ತರಲು ಹೊರಟೆ. "ನೀರು ಬೇಡ" ಎಂದರು. "ನೀರು ಬರುವ ದಾರಿಯಲ್ಲಿ ನೀರೇ ಬರ್ಬೇಕು ಅಂತ ಎಂತ ಉಂಟು? ಹೊಗೆಯೂ ಬರ್ತದೆ. ಡಿಕ್ಕಿಗೂ ಸೀಟಿಗೂ ನಡುವೆ ಬರೀ ರಟ್ಟು ಇರುದು. ನೀನು ಇಂಜಿನ್ ಸ್ಟಾರ್ಟ್ ಮಾಡು. ಒಂದು ತಟ್ಟಿದ್ರೆ ಎಕ್ಸಲೇಟರ್ ಒತ್ತು. ಎರಡಕ್ಕೆ ನಿಲ್ಲಿಸು. ಮೂರಕ್ಕೆ ಬಂದು ತೆಗಿ. ವಾಸನೆ ಬಂದ ಕೂಡ್ಲೆ ನಾನು ತಟ್ಟುತ್ತೇನೆ."

ಹೊಗೆ ಎಂಬ ಮಾತು ಕೇಳಿದ ಗಳಿಗೆಯಲ್ಲೇ ನನಗೆ ಎಲ್ಲವೂ ಗೊತ್ತಾಯಿತು. ಸೈಲೆನ್ಸರಿನ ಪೈಪು ಹೋಗುವುದು ಆ ನಾಲ್ಕು ತೂತುಗಳ ಕೆಳಗೇ. ನಾನು ತೋಡಿದ ಕಣಿಯಲ್ಲಿ ನೀರು ಇಳಿದದ್ದೇ ನಿಜ, ಆದರೆ ಅದರಲ್ಲೇ ಹೊಗೆ ಹತ್ತಿ ಬಂದು ನನ್ನ ಹೆಂಡತಿಯ ಮೂಗಿಗೆ ಹೋಗಿತ್ತು. ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ದೂಮಣ್ಣ ಒಳಗೆ ಮುದುಡಿ, "ಹಾಕು ವಾಸು" ಎಂದರು. ಹಾಕಿದೆ. ಒಂದು ನಿಮಿಷದ ಕೆಲಸ, ವಾಸನೆ ಬಂದ ಕೂಡಲೇ ತಟ್ಟುತ್ತಾರೆ, ಹೊರಗೆ ಬಂದ ಮೇಲೆ ಹೇಳಿದರಾಯಿತು ಎಂದು ನನ್ನ ಬಾಯಿಯನ್ನು ನಾನೇ ಮುಚ್ಚಿದೆ.

ಇಂಜಿನ್ ಸ್ಟಾರ್ಟ್ ಮಾಡಿದೆ. ಹಿಂದಿನಿಂದ ಒಂದು ಸದ್ದು ಬಂತು, ಒತ್ತಿದೆ. ಹಳೆಯ ಕಾರು ಮೈಯೆಲ್ಲ ಗಡಗಡ ಎನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಸದ್ದು. ಒಂದಾ, ಎರಡಾ? ಇಂಜಿನ್ನಿನ ಗದ್ದಲದಲ್ಲಿ ಗೊತ್ತಾಗಲಿಲ್ಲ. ಎರಡಾಗಿದ್ದರೆ ಇನ್ನೊಮ್ಮೆ ತಟ್ಟುತ್ತಾರೆ ಎಂದುಕೊಂಡು, ಒಂದೇ ಇರಬೇಕೆಂದು ಇನ್ನಷ್ಟು ಒತ್ತಿದೆ. ಮತ್ತೆ ಸದ್ದು ಬರಲಿಲ್ಲ. ನಾನು ಕಾದೆ. ಮೂರು ಆಗದೆ ತೆಗೆಯಬೇಡ ಎಂದದ್ದು ನೆನಪಿತ್ತು. ಕೊನೆಗೆ ಕಾಯಲಾಗಲಿಲ್ಲ. ಇಂಜಿನ್ ನಿಲ್ಲಿಸಿದೆ. ಅಂಗಳ ನಿಶ್ಶಬ್ದವಾಯಿತು, ಡಿಕ್ಕಿಯೂ ನಿಶ್ಶಬ್ದ. ಓಡಿದೆ.

ಮುಚ್ಚಳ ತೆಗೆದಾಗ ದೂಮಣ್ಣ ನಿದ್ದೆ ಮಾಡಿದ ಹಾಗೆ ಮಲಗಿದ್ದರು. ಬಲಗೈಯ ಬೆರಳುಗಳು ಮೇಲಿನ ತಗಡಿನ ಹತ್ತಿರವೇ, ತಟ್ಟಲು ಹೊರಟಂತೆ ಮಡಚಿಕೊಂಡಿದ್ದವು. ಕಂಕುಳಿಗೆ ಕೈ ಹಾಕಿ ಹೊರಗೆಳೆದು ಅಂಗಳದಲ್ಲಿ ಮಲಗಿಸಿದೆ. ಮುಖಕ್ಕೆ ನೀರು ಹಾಕಿದೆ, ಮುಟ್ಟಾಳೆಯಿಂದ ಗಾಳಿ ಬೀಸಿದೆ, ಕಾಲು ಉಜ್ಜಿದೆ. ಉಸಿರಾಡಿ ದೂಮಣ್ಣ, ಉಸಿರಾಡಿ ಎಂದು ಅಳುತ್ತಿದ್ದೆ. ಸೀತಕ್ಕ ಕೆಳಗೆ ಹರಿಯುವ ತೋಡಿಗೆ ಬಟ್ಟೆ ಒಗೆಯಲು ಹೋಗಿದ್ದರು. ಎಷ್ಟು ಹೊತ್ತಾಯಿತೋ, ಒಮ್ಮೆ ಹೊಟ್ಟೆ ಏರಿತು, ಬದಿಗೆ ಹೊರಳಿ ವಾಂತಿ ಮಾಡಿದರು. ಕಣ್ಣು ತೆರೆದು ನನ್ನನ್ನೇ ನೋಡಿದರು.

"ಎಷ್ಟು ತೂತು?" ಅವರ ಮೊದಲ ಮಾತು ಅದು.

"ನಾಲ್ಕು."

"ಹೊಡೆದದ್ದು ಯಾರು?"

"ನಾನೇ."

ನಾನು ಬೈಗುಳಕ್ಕಾಗಿ ಕಾದೆ. ಬಂದರೆ ಸಾಕು ಎಂದು ಈಗ ಮನಸ್ಸು ಬೇಡುತ್ತಿತ್ತು. ಅವರು ಬೈಯಲಿಲ್ಲ.

"ಎರಡು ತಟ್ಟಿದ್ದು ಕೇಳ್ಲಿಲ್ವಾ ನಿನಗೆ?"

"ಒಂದು ಅಂತ ಕಂಡಿತು."

"ಹ್ಞೂಂ" ಎಂದರು. ತೋಡಿನ ಕಡೆಯಿಂದ ಸೀತಕ್ಕ ಬರುವುದು ಕಂಡಿತು. ದೂಮಣ್ಣ ಎದ್ದು ಕೂತು ಬಾಯಿ ಒರೆಸಿಕೊಂಡು, "ಇವಳಿಗೆ ಹೇಳ್ಬೇಡ. ಗಿರಿಜಳಿಗೂ ಬೇಡ, ಬಸುರಿ ಹೆಂಗಸು" ಎಂದರು. ಬೆಳಿಗ್ಗೆ ತಿಂದದ್ದು ಜೀರ್ಣವಾಗಲಿಲ್ಲ ಎಂದು ಸೀತಕ್ಕನಿಗೆ ಸುಳ್ಳು ಹೇಳಿದರು. ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಎರಡು ದಿನ ಬಿಟ್ಟು ಹಲಗೆ ತೆಗೆದು ನಾಲ್ಕೂ ತೂತಿಗೆ ಹಿತ್ತಾಳೆಯ ತುಂಡು ಇಟ್ಟು ರಿವೀಟು ಹೊಡೆದರು. ಪೆಟ್ರೋಲಿನ ಟಾಂಕಿ ಹತ್ತಿರವಿದ್ದುದರಿಂದ ಬೆಸುಗೆಯ ಬೆಂಕಿ ತರಲಿಲ್ಲ, ಸುತ್ತ ರಾಳ ತುಂಬಿದರು. ಸೈಲೆನ್ಸರಿನ ಪೈಪು ಕೂಡ ತುಕ್ಕು ಹಿಡಿದು ಬಿರಿದಿತ್ತು, ಅದನ್ನು ಬದಲಿಸಲು ಪುತ್ತೂರಿಗೆ ಕಳುಹಿಸಿದರು. ಆಮೇಲೆ ನನ್ನ ಕಾರಿನಲ್ಲಿ ಯಾರಿಗೂ ತಲೆನೋವು ಬರಲಿಲ್ಲ. ಹೆಣದ ಕತೆಯನ್ನು ಸ್ಟ್ಯಾಂಡಿನವರು ತಾವೇ ಮರೆತರು.

ಗಿರಿಜ ಹೆತ್ತಳು, ಹೆಣ್ಣು. ಹೇಳಲು ಬೆಳ್ಳಾರೆಗೆ ಹೋದೆ. ದೂಮಣ್ಣ ಕೊಡಪಾನ ಉಜ್ಜುತ್ತಿದ್ದವರು ಕೈ ನಿಲ್ಲಿಸಿ, "ಜೋರು ಅಳ್ತದಾ?" ಎಂದು ಕೇಳಿದರು. ಬೀದಿಯ ಕೊನೆಗೆ ಕೇಳಿಸುತ್ತದೆ ಎಂದೆ. "ಆಯ್ತು ಹಾಗಾದ್ರೆ" ಎಂದು ಮತ್ತೆ ಉಜ್ಜತೊಡಗಿದರು. ಆಗ ನೋಡಿದೆ, ಅವರ ಬಲಗೈ ಸಣ್ಣಗೆ ನಡುಗುತ್ತಿತ್ತು.

ಆ ನಡುಕ ನಿಲ್ಲಲಿಲ್ಲ. ವರ್ಷ ಕಳೆದಂತೆ ಬೆಸುಗೆಯ ಸೀಸ ಗೆರೆಯಿಂದ ಆಚೆ ಬೀಳತೊಡಗಿತು. ವಯಸ್ಸಾಯಿತು, ಹಾಗೆಯೇ ಎಂದು ಡಾಕ್ಟರು ಹೇಳಿದರಂತೆ. ಇರಬಹುದು. ನನಗೆ ಮಾತ್ರ ಆ ಕೈ ಕಂಡಾಗೆಲ್ಲ ನಾನು ಒತ್ತಿದ ಎಕ್ಸಲೇಟರ್ ಕಾಲಡಿಗೆ ಬರುತ್ತಿತ್ತು. ಡಿಕ್ಕಿಯ ಕೆಲಸವನ್ನು ಅವರು ಬಿಡಲಿಲ್ಲ. ಆದರೆ ಒಳಗೆ ಹತ್ತಿದ ಮೇಲೆ ಮುಟ್ಟಾಳೆಯನ್ನು ಕಾರಿನ ನೆತ್ತಿಯಲ್ಲಿ ಇಡದೆ ಮುಚ್ಚಳದ ಸಂದಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಬೆಳಕು ಬೀಳುವುದಿಲ್ಲವೇ ಎಂದು ಯಾರಾದರೂ ಕೇಳಿದರೆ, ಈಗ ಕಣ್ಣು ಮಂಜು, ಸ್ವಲ್ಪ ಬೆಳಕು ಬೇಕು ಎನ್ನುತ್ತಿದ್ದರು. ನಾನು ಪ್ರತಿ ವರ್ಷ ಪತ್ತನಾಜೆಗೆ ಹದಿನೈದು ದಿನ ಮೊದಲೇ ಹಾಜರಿರುತ್ತಿದ್ದೆ. ನಡೆದ ವಿಷಯವನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ಕ್ಷಮಿಸಿ ಎಂದು ಹೇಳಲೂ ನನಗೆ ಧೈರ್ಯ ಬರಲಿಲ್ಲ.

ಅವರು ಹಾಸಿಗೆ ಹಿಡಿದಿದ್ದಾರೆ, ಮಾತು ನಿಂತಿದೆ ಎಂದು ಬಸ್ಸಿನವರಲ್ಲಿ ಸೀತಕ್ಕ ಹೇಳಿ ಕಳುಹಿಸಿದಾಗ ನನ್ನ ಮಗಳು ಶಾಲೆಗೆ ಹೋಗುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಬೆಳ್ಳಾರೆ ತಲುಪಿದೆ. ಜಗಲಿಯ ಮೊಳೆಯಲ್ಲಿ ಮುಟ್ಟಾಳೆ ತೂಗುತ್ತಿತ್ತು. ಒಳಗೆ ಮಂಚದಲ್ಲಿ ದೂಮಣ್ಣ ಮೊಣಕಾಲು ಮಡಚಿ, ಡಿಕ್ಕಿಯಲ್ಲಿ ಮಲಗುತ್ತಿದ್ದ ಹಾಗೆಯೇ ಮುದುಡಿ ಮಲಗಿದ್ದರು. ಸೀತಕ್ಕ ನನ್ನನ್ನು ಕಂಡು, ನೀನು ಬರ್ತಿ ಅಂತ ಅವರಿಗೆ ಗೊತ್ತಿತ್ತು, ನಿನ್ನ ಕಾರಿನ ಸದ್ದು ಕೇಳಿ ಕಣ್ಣು ಬಿಟ್ಟರು ಎಂದರು. ನಿನ್ನ ಮೇಲೆ ಅವರಿಗೆ ಎಷ್ಟು ಪ್ರೀತಿ ಎಂದೂ ಹೇಳಿದರು. ನಾನು ಮಂಚದ ಹತ್ತಿರ ಸರಿದೆ.

ಸೀತಕ್ಕ ಅವರ ತಲೆಯನ್ನು ಸ್ವಲ್ಪ ಎತ್ತಿ ಚಮಚದಲ್ಲಿ ನೀರು ಹೊಯ್ಯತೊಡಗಿದರು. ಒಂದು ಚಮಚ ಇಳಿಯಿತು. ಎರಡನೆಯದು ಗಂಟಲಲ್ಲೇ ನಿಂತಂತೆ ಗೊರಗೊರ ಎಂದಿತು. ದೂಮಣ್ಣನ ಬಲಗೈ ಮಂಚದ ಪಟ್ಟಿಯ ಮೇಲೆ ನಡುಗುತ್ತಿತ್ತು. ಆ ನಡುಕದ ನಡುವೆ ಬೆರಳಿನ ಗಂಟು ಮರಕ್ಕೆ ತಾಗಿತು. ಟಕ್. ಮತ್ತೆ, ಟಕ್.

"ಕೈ ಯಾವಾಗಲೂ ಹೀಗೇ ನಡುಗುದು" ಎಂದು ಸೀತಕ್ಕ ಮೂರನೆಯ ಚಮಚ ತುಂಬಿದರು.

ನಾನು ಸೀತಕ್ಕನ ಕೈ ಹಿಡಿದು ತಡೆದೆ. "ಸಾಕು ಸೀತಕ್ಕ, ನಿಲ್ಲಿಸಿ. ನಿಲ್ಲಿಸ್ಲಿಕ್ಕೆ ಹೇಳ್ತಿದ್ದಾರೆ."

ಸೀತಕ್ಕನಿಗೆ ಅರ್ಥವಾಗಲಿಲ್ಲ, ಆದರೂ ಚಮಚ ಕೆಳಗಿಟ್ಟರು. ನಾನು ಮೊಣಕಾಲೂರಿ ದೂಮಣ್ಣನ ತಲೆಯನ್ನು ಬದಿಗೆ ತಿರುಗಿಸಿದೆ. ಗಂಟಲಲ್ಲಿ ನಿಂತಿದ್ದ ನೀರು ಕೆನ್ನೆಯ ಮೇಲೆ ಹರಿದು ದಿಂಬಿಗೆ ಇಳಿಯಿತು, ಉಸಿರು ಮತ್ತೆ ಸರಾಗವಾಯಿತು. ದೂಮಣ್ಣ ಕಣ್ಣು ತೆರೆದು ನನ್ನನ್ನೇ ನೋಡಿದರು. ನಾನು ಅವರ ಕಿವಿಯ ಹತ್ತಿರ ಬಗ್ಗಿದೆ.

"ಎರಡು" ಎಂದೆ. "ಈ ಸಲ ಕೇಳಿತು ದೂಮಣ್ಣ."